ಪರದೆಯ ಆಚೆಯ ಕೈ

ಉಪ್ಪು ಬೆಳೆಯುವ ಆ ಊರಿಗೆ ಹನ್ನೆರಡು ಬಾಗಿಲುಗಳಿದ್ದವು. ಒಳಗೆ ಬರಲು ಯಾವ ಬಾಗಿಲಾದರೂ ಆಗುತ್ತಿತ್ತು. ಹೊರಗೆ ಹೋಗಲು ಒಬ್ಬೊಬ್ಬನಿಗೆ ಒಂದೇ.

ಉಪ್ಪು ಕೊಳ್ಳಲು ಲೋಕದ ನಾನಾ ಕಡೆಯಿಂದ ಜನ ಬರುತ್ತಿದ್ದರು. ಬಂದವರು ಒಂದು ಹರಳನ್ನು ನಾಲಿಗೆಯ ಮೇಲಿಟ್ಟು ನೋಡುತ್ತಿದ್ದರು. ರುಚಿ ನೋಡದೆ ಉಪ್ಪು ಕೊಳ್ಳುವವರು ಯಾರು? ಹರಳು ಕರಗುವಷ್ಟರಲ್ಲಿ ತಾವು ಎಲ್ಲಿಂದ ಬಂದೆವೆಂಬುದು ಅವರಿಗೆ ಮರೆತುಹೋಗುತ್ತಿತ್ತು. ನಾಡಿನ ಹೆಸರು, ಬಂದ ದಾರಿ, ಮನೆಯವರ ಮುಖ, ಮನೆಯ ಮಾತು, ಎಲ್ಲವೂ. ಮನೆಯೊಂದಿತ್ತು ಎನ್ನುವುದು ಮಾತ್ರ ಮರೆಯುತ್ತಿರಲಿಲ್ಲ. ಅದೂ ಮರೆತಿದ್ದರೆ ಊರು ಸುಖವಾಗಿರುತ್ತಿತ್ತು.

ಎಲ್ಲ ಹೋದ ಮೇಲೂ ಸೊಂಟದಲ್ಲಿ ಚೂರಿ ಉಳಿದಿರುತ್ತಿತ್ತು. ದೂರದ ದಾರಿ ಹಿಡಿದವರು ಚೂರಿಯಿಲ್ಲದೆ ಹೊರಡುವುದಿಲ್ಲ. ಕಬ್ಬಿಣವೂ ಉಪ್ಪಿಗೆ ಸೋಲುತ್ತದೆ, ಆದರೆ ಮನುಷ್ಯನಷ್ಟು ಬೇಗ ಅಲ್ಲ. ಆದ್ದರಿಂದ ಊರಿನ ನಿಯಮ ಹೀಗಿತ್ತು: ಯಾರ ಚೂರಿಯ ನಾಡು ಗುರುತಾಗುತ್ತದೋ ಅವನು ಆ ನಾಡಿನ ಬಾಗಿಲಿನಿಂದ ಹೊರಟುಹೋಗಬಹುದು. ಗುರುತಾಗದವನು ಉಪ್ಪು ಕೆರೆಯುತ್ತ ಇರಬೇಕು.

ಗುರುತು ಹಿಡಿಯುವವನೊಬ್ಬನಿದ್ದ. ಅವನನ್ನು ಗುರುತುಗಾರ ಎಂದೇ ಕರೆಯುತ್ತಿದ್ದರು. ಊರಿನ ನಡುವೆ ಪೂರ್ವಕ್ಕೆ ತೆರೆದ ಅವನ ಜಗಲಿ. ಜಗಲಿಗೆ ಅಡ್ಡಲಾಗಿ ತೆಳ್ಳನೆಯ ಬಿಳಿ ಪರದೆ, ಬೆಳಕನ್ನು ಬಿಡುವಂಥದು, ಮುಖವನ್ನು ಬಿಡದಂಥದು. ಪರದೆಯ ಒಳಬದಿಗೆ ಒಂದು ಹಲಗೆ. ದಿನಕ್ಕೆ ಒಂದೇ ಚೂರಿ. ಸೂರ್ಯ ಹುಟ್ಟಿ ಆಳೆತ್ತರ ಏರುವ ತನಕದ ಓರೆ ಬೆಳಕಿನಲ್ಲಿ ಮಾತ್ರ ಅಲಗಿನ ಮೈ ಕಾಣುತ್ತದೆ ಎನ್ನುವುದು ಅವನ ಮತ. ಚೂರಿಯ ಒಡೆಯ ಪರದೆಯ ಹೊರಗೆ ನಿಲ್ಲಬೇಕು. ಮುಖ ತೋರಿಸಕೂಡದು, ಮಾತಾಡಕೂಡದು, ಅಳಕೂಡದು.

"ಕಬ್ಬಿಣಕ್ಕೆ ಆಸೆಯಿಲ್ಲ. ಅದಕ್ಕೇ ಅದು ಸುಳ್ಳು ಹೇಳೋದಿಲ್ಲ," ಎನ್ನುತ್ತಿದ್ದ ಅವನು. "ನಿನಗೆ ಆಸೆಯಿದೆ. ನೀನು ಹೊರಗಿರು."

ಚೂರಿಯನ್ನು ಬೆರಳ ಮೇಲೆ ಅಡ್ಡಲಾಗಿಟ್ಟು ಅದರ ತೂಕ ಎಲ್ಲಿ ನಿಲ್ಲುತ್ತದೆಂದು ನೋಡುತ್ತಿದ್ದ. ಉಗುರಿನಿಂದ ತಟ್ಟಿ ಕಿವಿಗೆ ಹಿಡಿಯುತ್ತಿದ್ದ. ಅಲೆಯಲೆಯಾಗಿ ಬಳುಕಿದ ಅಲಗು ಬಂದರೆ ಬಳುಕುಗಳನ್ನು ಎಣಿಸುತ್ತಿದ್ದ. ಅವು ಬೆಸಸಂಖ್ಯೆಯಲ್ಲಿದ್ದರೆ ದ್ವೀಪಗಳ ಬಾಗಿಲು. ಮುಂದಕ್ಕೆ ಮುಗ್ಗರಿಸಿದಂತೆ ಬಾಗಿ, ಹಿಡಿಯ ಬಳಿ ಪುಟ್ಟ ಕಚ್ಚು ಇದ್ದರೆ ಹಿಮಬೆಟ್ಟದ ಬಾಗಿಲು. ಅರ್ಧಚಂದ್ರದಂಥ ಅಲಗಿನ ಬೆನ್ನಿಗೇ ಹಿಡಿ ಕೂರಿಸಿದ್ದರೆ ಅದು ಮಂಜುಗಡ್ಡೆಯ ನಾಡಿನ ಹೆಂಗಸರು ತೊಗಲು ಹೆರೆಯುವ ಚೂರಿ. ಉಕ್ಕಿನ ಮೈಯಲ್ಲಿ ನೀರು ಹರಿದಂಥ ಗೆರೆ ಕಂಡರೆ ಮಾತ್ರ ಅವಸರ ಮಾಡುತ್ತಿರಲಿಲ್ಲ. ಅಂಥ ಉಕ್ಕು ಒಂದು ನಾಡಿನಲ್ಲಿ ಕರಗಿ, ಇನ್ನೊಂದರಲ್ಲಿ ಅಲಗಾಗಿ, ಮೂರನೆಯದರಲ್ಲಿ ಹಿಡಿ ಹಾಕಿಸಿಕೊಂಡಿರುತ್ತದೆ.

"ಹಿಡಿ ಅಂದರೆ ಬಟ್ಟೆ. ಒರೆ ಅಂದರೆ ಬಾಡಿಗೆ ಮನೆ. ಅಲಗೇ ಮೈ," ಎನ್ನುತ್ತಿದ್ದ. ಖಾತ್ರಿಯಾದರೆ ನಾಡಿನ ಹೆಸರನ್ನು ಒಂದೇ ಸಲ ಹೇಳುತ್ತಿದ್ದ. ಖಾತ್ರಿಯಾಗದಿದ್ದರೆ ಚೂರಿ ಹಲಗೆಯ ಕೆಳಗಿನ ಪೆಟ್ಟಿಗೆಗೆ ಹೋಗುತ್ತಿತ್ತು, ಒಡೆಯ ಉಪ್ಪಿನ ಬಯಲಿಗೆ. ತಪ್ಪು ಬಾಗಿಲಿನಿಂದ ಹೋದವನಿಗೆ ಆಮೇಲೆ ಎಲ್ಲಿಯೂ ಊರಿಲ್ಲ ಎಂದು ಅವನು ಬಲ್ಲ.

ಉಪ್ಪುಗಾಳಿ ಬೀಸುವ ಊರಾದ್ದರಿಂದ ಚೂರಿಗಳು ಬೇಗ ತುಕ್ಕು ಹಿಡಿಯುತ್ತಿದ್ದವು. ಬೂದಿ, ಇಟ್ಟಿಗೆಪುಡಿ ಹಾಕಿ ಉಜ್ಜಲು ಜನಕ್ಕೆ ಕೈ ಕಡಿಯುತ್ತಿತ್ತು. ಅವನು ಬೀದಿ ಬೀದಿ ಅಲೆದು ಗದರಿಸುತ್ತಿದ್ದ: "ಉಜ್ಜಬೇಡಿ. ತುಕ್ಕು ಕೊಳೆಯಲ್ಲ, ಸಾಕ್ಷಿ. ತಿಂಗಳಿಗೊಂದು ಸಲ ಗರಿಯಲ್ಲಿ ಎಣ್ಣೆ ಸವರಿ, ಸಾಕು. ಉಜ್ಜಿದಿರೋ, ನಿಮ್ಮ ಊರನ್ನ ನೀವೇ ಅಳಿಸಿದ ಹಾಗೆ."

ಅವನಿಗೂ ಒಂದು ಚೂರಿಯಿತ್ತು. ಅವನೂ ಎಳೆಯ ಪ್ರಾಯದಲ್ಲಿ ಉಪ್ಪಿಗೆ ಬಂದು ಹರಳು ನಾಲಿಗೆಗಿಟ್ಟವನೇ. ಆದರೆ ತನ್ನ ಚೂರಿಯನ್ನು ತಾನೇ ಗುರುತಿಸಕೂಡದು. ಆಸೆಯಿದ್ದವನು ತೀರ್ಪು ಕೊಡಕೂಡದು. ಇನ್ನೊಬ್ಬ ಗುರುತಿಸಬೇಕು, ಆ ಇನ್ನೊಬ್ಬನನ್ನು ಗುರುತುಗಾರನೇ ಒಪ್ಪಿರಬೇಕು. ಏಳು ಶಿಷ್ಯರನ್ನು ತೆಗೆದುಕೊಂಡ. ಏಳು ಜನರನ್ನೂ ಬೇಡವೆಂದ. ಒಬ್ಬ ಹೆಸರಿನ ಜೊತೆಗೆ 'ಇರಬಹುದು' ಎಂದು ಸೇರಿಸಿದ. ಒಬ್ಬ ಚಂದದ ದಂತದ ಹಿಡಿಗೆ ಮರುಳಾಗಿ ಅಲಗನ್ನು ನೋಡಲೇ ಇಲ್ಲ. ಒಬ್ಬ ಸರಿಯಾಗಿಯೇ ಹೇಳಿದ, ಆದರೆ ಯಾಕೆ ಸರಿ ಎಂದು ಹೇಳಲು ಅವನಿಗೆ ಬರಲಿಲ್ಲ.

ಬಾಗಿಲು ಕಾಯುವವನು ಕೆಣಕುತ್ತಿದ್ದ. "ಏನು ಗುರುತುಗಾರರೇ, ಶಿಷ್ಯ ಸಿಕ್ಕಿದನಾ?"

"ಸಿಗಬೇಕು."

"ನಿಮ್ಮ ಮನಸ್ಸಿಗೆ ಬರೋ ಶಿಷ್ಯ ಬೇಕಂದ್ರೆ ನೀವೇ ಇನ್ನೊಂದು ಸಲ ಹುಟ್ಟಿ ಬರಬೇಕು. ಬಂದರೂ ಅವನನ್ನೂ ಬೇಡ ಅಂತೀರಿ."

ಹೀಗೆ ವರ್ಷಗಳು ಹೋದವು. ಒಂದು ಬೆಳಿಗ್ಗೆ ಬಳುಕಿನ ಅಲಗೊಂದು ಬಂತು. ಎಣಿಸಿದ. ಹತ್ತು ಬಂತು. ಮತ್ತೆ ಎಣಿಸಿದ. ಹತ್ತೇ. ಬೆರಳಿಟ್ಟು ಎಣಿಸಿದ. ಹನ್ನೊಂದು. ಚೂರಿಯನ್ನು ಹಲಗೆಯ ಮೇಲಿಟ್ಟು ಕಣ್ಣು ಮುಚ್ಚಿ ಕುಳಿತ. ಅಲಗಿಗೆ ಏನೂ ಆಗಿರಲಿಲ್ಲ. ಅವನ ಕಣ್ಣು ಹೋಗುತ್ತಿತ್ತು. ಕಣ್ಣು ಹೋದರೆ ಅವನು ಯಾರಿಗೂ ಕಲಿಸಲಾರ, ಯಾರನ್ನೂ ಒಪ್ಪಲಾರ, ಅಲ್ಲಿಗೆ ಅವನ ಚೂರಿಗೆ ಹೆಸರಿಲ್ಲ.

ಅಂದು ಬಿಸಿಲೇರಿದ ಮೇಲೆ ಅವನು ಪೇಟೆಗೆ ನಡೆದ. ಪೇಟೆಯ ಕೊನೆಯಲ್ಲಿ ಸಾಣೆಕಲ್ಲು ತಿರುಗಿಸುವ ಹೆಂಗಸೊಬ್ಬಳಿದ್ದಳು. ಅವನ ಏಳನೆಯ ಶಿಷ್ಯೆ. ಉಳಿದ ಆರೂ ಜನ ತಮ್ಮ ತಮ್ಮ ಬಾಗಿಲುಗಳಿಂದ ಹೋಗಿಯಾಗಿತ್ತು. ಇವಳು ಊರಿನಲ್ಲೇ ಹುಟ್ಟಿದವಳು, ಇವಳಿಗೆ ಚೂರಿಯೂ ಇಲ್ಲ, ಹೋಗಬೇಕಾದ ನಾಡೂ ಇಲ್ಲ. ಅವನು ಬೇಡವೆಂದ ದಿನದಿಂದ ಉಪ್ಪು ಕೆರೆಯುವವರ ಸಲಿಕೆ, ಗುದ್ದಲಿ, ಅಡುಗೆಯ ಕತ್ತಿಗಳಿಗೆ ಸಾಣೆ ಹಿಡಿಯುತ್ತಿದ್ದಳು.

"ಸಾಣೆಗಾ?" ಎಂದಳು ತಲೆಯೆತ್ತದೆ.

"ನಾನು ಸಾಣೆಯ ಮುಖ ನೋಡುವವನಲ್ಲ."

"ಹಾಗಾದ್ರೆ ಯಾರ ಮುಖ ನೋಡೋಕೆ ಬಂದಿರಿ?"

"ನನ್ನ ಚೂರಿಯನ್ನು ಗುರುತಿಸಬೇಕು."

ಕಲ್ಲು ನಿಂತಿತು. "ನೀವೇ ಬೇಡ ಅಂದು ಕಳಿಸಿದವಳು ನಾನು."

"ಗೊತ್ತು."

"ಬೇರೆ ಯಾರೂ ಸಿಗಲಿಲ್ಲವಾ?"

"ಇಲ್ಲ."

"ಪರವಾಗಿಲ್ಲ," ಎಂದಳು ಅವಳು ಕೈ ಒರೆಸಿಕೊಳ್ಳುತ್ತ. "ಹೊಗಳಿದ್ರೆ ನಾನು ಬರ್ತಿರಲಿಲ್ಲ."

ಮರುದಿನ ಸೂರ್ಯ ಹುಟ್ಟುವಾಗ ಅವಳು ಹಲಗೆಯ ಮುಂದೆ ಕುಳಿತಳು. ಅವನು ಚೂರಿಯನ್ನು ಹಲಗೆಯ ಮೇಲಿಟ್ಟು, ಮೊಟ್ಟಮೊದಲ ಸಲ ಪರದೆಯ ಹೊರಗೆ ಹೋಗಿ ನಿಂತ. ಸೂರ್ಯ ಅವನ ಬೆನ್ನಿಗಿತ್ತು.

ಅವಳು ಚೂರಿಯನ್ನು ಎತ್ತಿಕೊಂಡಳು. ಒಣಗಿದ ಎಲೆಯಷ್ಟು ಹಗುರ. ಅಲಗು ಕನ್ನಡಿಯಂತೆ ಹೊಳೆಯುತ್ತಿತ್ತು. ಅದರಲ್ಲಿ ಅವಳ ಕಣ್ಣು ಕಂಡಿತು, ಬೇರೇನೂ ಕಾಣಲಿಲ್ಲ. ಕಮ್ಮಾರನ ಗುರುತಿಲ್ಲ, ಸುತ್ತಿಗೆಯ ಏಟಿಲ್ಲ, ತುಕ್ಕಿನ ಚುಕ್ಕಿಯಿಲ್ಲ. ಬೆನ್ನು ಸವೆದು ದುಂಡಗಾಗಿತ್ತು. ಮೊದಲು ಅದು ನೇರವಾಗಿತ್ತೋ, ಬಾಗಿತ್ತೋ, ಅಗಲವಾಗಿತ್ತೋ, ಹೇಳುವ ಹಾಗಿರಲಿಲ್ಲ.

"ಇದನ್ನ ಯಾರು ಉಜ್ಜಿದ್ದು?"

ಹೊರಗೆ ಸದ್ದಿಲ್ಲ.

"ಯಾರು ಉಜ್ಜಿದ್ದು ಅಂತ ಕೇಳಿದೆ."

"ಹೊರಗೆ ನಿಂತವನು ಮಾತಾಡಕೂಡದು."

"ಈಗ ಮಾತಾಡಿದಿರಿ."

"ನಾನು," ಎಂದ.

"ದಿನಾ?"

"ದಿನಾ ಬೆಳಿಗ್ಗೆ. ನಲವತ್ತೊಂದು ವರ್ಷ."

"ಊರಿಗೆಲ್ಲ ಉಜ್ಜಬೇಡಿ ಅಂತ ಬೈದುಕೊಂಡು ತಿರುಗಿದವರು ನೀವು."

"ಗೊತ್ತು."

"ಗೊತ್ತಿದ್ದೂ?"

"ಎದ್ದ ತಕ್ಷಣ ಅದನ್ನು ಕೈಗೆ ತೆಗೆದುಕೊಳ್ಳಬೇಕು ಅನಿಸುತ್ತಿತ್ತು. ತೆಗೆದುಕೊಂಡ ಮೇಲೆ ಕೈಗೆ ಬೇರೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ."

ಅವಳು ಚೂರಿಯನ್ನು ತಟ್ಟಿ ಕಿವಿಗೆ ಹಿಡಿದಳು. ಅದು ತಗಡಿನಂತೆ ಚಿಣ್ ಎಂದಿತು, ಅಷ್ಟೇ. ಇದರಲ್ಲಿ ಏನೂ ಉಳಿದಿಲ್ಲ ಎಂದು ಹೇಳಲು ತಲೆಯೆತ್ತಿದಳು.

ಪರದೆಯ ಮೇಲೆ ಅವನ ನೆರಳು ಬಿದ್ದಿತ್ತು. ಮುಖ ಒಂದು ಮಸಿ, ಮೈ ಒಂದು ಕಂಬ. ಆದರೆ ಬಲಗೈ ಸುಮ್ಮನಿರಲಿಲ್ಲ. ಚೂರಿಯಿಲ್ಲದ ಆ ಕೈ ಎಡ ಮುಂಗೈಯ ಒಳಬದಿಯ ಮೇಲೆ ಹೊರಮುಖವಾಗಿ ಎರಡು ಸಲ ಎಳೆಯುತ್ತಿತ್ತು, ಮಣಿಕಟ್ಟನ್ನು ತಿರುವಿ ಮತ್ತೆರಡು ಸಲ, ಆಮೇಲೆ ಹೆಬ್ಬೆರಳಿನಿಂದ ಇಲ್ಲದ ಅಲಗಿನ ತುದಿಯ ಇಲ್ಲದ ಹನಿಯೊಂದನ್ನು ಚಿಮ್ಮುತ್ತಿತ್ತು. ಎರಡು, ತಿರುವಿ ಎರಡು, ಚಿಮ್ಮು. ನಲವತ್ತೊಂದು ವರ್ಷ ಅವನು ಅದನ್ನು ಉಜ್ಜುವುದೆಂದುಕೊಂಡಿದ್ದ. ಅದು ಉಜ್ಜುವುದಾಗಿರಲಿಲ್ಲ. ಯಾವುದೋ ನಾಡಿನಲ್ಲಿ, ಯಾವುದೋ ಕೆಲಸ ಮುಗಿದ ಮೇಲೆ, ಅಂಟಿದ್ದೇನನ್ನೋ ಒರೆಸುವ ರೀತಿ. ಯಾರೋ ಅವನಿಗೆ ಕೈಹಿಡಿದು ಕಲಿಸಿದ್ದರು.

ಅವಳು ಚೂರಿಯನ್ನು ಕೆಳಗಿಟ್ಟಳು. "ಏಳು ವರ್ಷದ ಹಿಂದೆ ನನ್ನ ಸಾಣೆ ಮುಂದೆ ಒಬ್ಬ ಕಾಯ್ತಾ ನಿಂತಿದ್ದ. ಅವನ ಕೈಯೂ ಹೀಗೇ ಮಾಡ್ತಿತ್ತು. ಅವನು ಯಾವ ಬಾಗಿಲಿಂದ ಹೋದ ಅಂತ ನನಗೆ ಗೊತ್ತು."

ಕೈಯ ನೆರಳು ನಿಂತಿತು.

"ಹೆಸರು ಹೇಳ್ಲಾ?"

"ನಿಲ್ಲಿಸು," ಎಂದ ಅವನು. ಪರದೆಯ ಅಂಚನ್ನು ಹಿಡಿದುಕೊಂಡಿದ್ದ. "ಚೂರಿ ನೋಡಿ ಹೇಳ್ತಿದ್ದೀಯಾ, ನನ್ನನ್ನ ನೋಡಿ ಹೇಳ್ತಿದ್ದೀಯಾ?"

"ನಿಮ್ಮ ನೆರಳು ನೋಡಿ."

"ನೆರಳೂ ನಾನೇ."

"ನೀವೇ. ಅದಕ್ಕೇನೀಗ?"

"ಹಗ್ಗ ಹೊಸೆಯುವವನಿಗೆ ನಾನು ಏನು ಹೇಳಿದೆ?"

ಇಬ್ಬರಿಗೂ ನೆನಪಿತ್ತು. ಇಪ್ಪತ್ತು ವರ್ಷದ ಹಿಂದೆ, ಅವಳು ಶಿಷ್ಯೆಯಾಗಿದ್ದಾಗ, ಹಗ್ಗ ಹೊಸೆಯುವವನೊಬ್ಬ ತನ್ನ ಚೂರಿ ತಂದಿದ್ದ. ಅಲಗನ್ನು ಉಪ್ಪು ತಿಂದು ಹಾಕಿತ್ತು. ಗುರುತುಗಾರ ಮೂರು ಬೆಳಿಗ್ಗೆ ನೋಡಿ ಪೆಟ್ಟಿಗೆಗೆ ಹಾಕಲು ಎದ್ದಾಗ ಅವಳು ಪರದೆ ಸರಿಸಿ ಇಣುಕಿದಳು. ಆ ಮನುಷ್ಯ ಕಾಯುತ್ತ ನಿಂತು ಒರೆಯ ದಾರಕ್ಕೆ ಗಂಟು ಹಾಕುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಅದೇ ಗಂಟು. ಅಂಥ ಗಂಟು ಅವಳು ಬೇರೊಂದು ಚೂರಿಯ ಒರೆಯಲ್ಲಿ ಕಂಡಿದ್ದಳು. ನಾಡಿನ ಹೆಸರು ಹೇಳಿಬಿಟ್ಟಳು. ಹಗ್ಗದವನು ಹೊರಡಲೆಂದು ಒರೆಯನ್ನು ಸೊಂಟಕ್ಕೆ ಕಟ್ಟಿಕೊಂಡ. ಗುರುತುಗಾರ ಆ ಹೆಸರನ್ನು ಹೊಡೆದುಹಾಕಿದ: ಹೇಳಿದ್ದು ಅಲಗಲ್ಲ, ಅಲಗು ಹೇಳದ್ದು ಸಾಕ್ಷಿಯಲ್ಲ. ಅವಳನ್ನು ಅಂದೇ ಕಳಿಸಿದ. ಹಗ್ಗದವನು ಆಮೇಲೆ ಹದಿನಾಲ್ಕು ವರ್ಷ ಬದುಕಿದ್ದ. ದಾರಿಯಲ್ಲಿ ಸಿಕ್ಕಾಗ ಗುರುತುಗಾರನಿಗೆ ಕೈಮುಗಿಯುತ್ತಿದ್ದ. ಒಮ್ಮೆಯೂ ಏನೂ ಕೇಳಲಿಲ್ಲ. ಊರಿನೊಳಗೇ ಸತ್ತ.

"ಅವನಿಗೆ ಸಾಕ್ಷಿ ಅಲ್ಲದ್ದು ನನಗೆ ಸಾಕ್ಷಿ ಆಗುವುದಿಲ್ಲ," ಎಂದ ಗುರುತುಗಾರ.

"ಅಂದ್ರೆ ಇಲ್ಲೇ ಸಾಯ್ತೀರಾ? ಹಟಕ್ಕೆ?"

ನಾಡಿನ ಹೆಸರು ಒಂದು ಬಟ್ಟೆಯಷ್ಟು ದೂರದಲ್ಲಿತ್ತು. ನಲವತ್ತೊಂದು ವರ್ಷದಲ್ಲಿ ಅದು ಇಷ್ಟು ಹತ್ತಿರ ಬಂದಿರಲಿಲ್ಲ. ಆಮೇಲೆ ಅವನು ಕೈ ಮೇಲೆತ್ತಿ ಪರದೆಯನ್ನು ಕಟ್ಟಿದ್ದ ಒಂದು ಗೂಟದಿಂದ ದಾರ ಬಿಚ್ಚಿದ, ಇನ್ನೊಂದು ಗೂಟದಿಂದ ಬಿಚ್ಚಿದ, ಪರದೆಯನ್ನು ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಡಿಚಿದ. ಮಡಿಕೆ ಓರೆಯಾಯಿತೆಂದು ಬಿಚ್ಚಿ ಮತ್ತೆ ಮಡಿಚಿದ.

"ಕೈಯೂ ಸಾಕ್ಷಿ," ಎಂದ. "ನೀನು ಸರಿ. ಇಪ್ಪತ್ತು ವರ್ಷದ ಹಿಂದೆಯೂ ಸರಿ. ಈ ಜಾಗ ಇನ್ನು ನಿನ್ನದು."

"ಹಾಗಾದ್ರೆ ಹೆಸರು ಕೇಳಿಸಿಕೊಳ್ಳಿ."

"ನನ್ನದು ಕೊನೆಗೆ. ಪೆಟ್ಟಿಗೆಯಲ್ಲಿ ಇರೋದೆಲ್ಲ ಆದ ಮೇಲೆ."

"ಪೆಟ್ಟಿಗೆಯಲ್ಲಿ ನಲವತ್ತಮೂರು ಚೂರಿ ಇವೆ. ದಿನಕ್ಕೆ ಒಂದು."

"ಹಾಕಿದವನು ನಾನು. ನನಗೆ ಹೇಳ್ತೀಯಾ?"

"ಅದರಲ್ಲಿ ಹದಿನೇಳು ಜನ ಸತ್ತೇ ಹೋಗಿದ್ದಾರೆ."

"ಮೊದಲು ಅವರದು."

"ಸತ್ತವರಿಗೆ ಬಾಗಿಲು ಯಾಕೆ?"

"ನನಗೂ ಗೊತ್ತಿಲ್ಲ," ಎಂದ. ಅವನ ಬಾಯಿಂದ ಆ ಮಾತನ್ನು ಅವಳು ಮೊದಲ ಸಲ ಕೇಳಿದಳು.

ಸತ್ತವರ ಕೈ ಹೇಗಿತ್ತೆಂದು ಅವರ ಜೊತೆ ಉಪ್ಪು ಕೆರೆದವರು ಬಂದು ತೋರಿಸಿದರು. ಒಬ್ಬಳು ತನ್ನ ಗೆಳತಿ ಹಣ್ಣನ್ನು ಎದೆಗೆ ಒತ್ತಿ ಹಿಡಿದು ತನ್ನ ಕಡೆಗೇ ಕೊಯ್ಯುತ್ತಿದ್ದ ರೀತಿ ಮಾಡಿ ತೋರಿಸಿದಳು. ಒಬ್ಬ ತನ್ನ ನೆರೆಯವನು ಚೂರಿಯನ್ನು ಇನ್ನೊಬ್ಬರಿಗೆ ಕೊಡುವಾಗ ನೇರ ಕೈಗೆ ಕೊಡದೆ ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದುದನ್ನು ತೋರಿಸಿದ. ಬೆಳಿಗ್ಗೆ ಬೆಳಿಗ್ಗೆ ಆ ಜಗಲಿಯ ಮುಂದೆ ಸತ್ತವರ ಕೈಗಳು ಬದುಕಿದವರ ಕೈಗಳಲ್ಲಿ ಆಡಿದವು. ಸಾಣೆಯವಳು ಕೈಯನ್ನೂ ನೋಡುತ್ತಿದ್ದಳು, ಅಲಗನ್ನೂ ನೋಡುತ್ತಿದ್ದಳು. ಕೈ ಹೇಳಿದ್ದನ್ನು ಅಲಗು ಅಲ್ಲಗಳೆಯದಿದ್ದರೆ ಹೆಸರು ಹೇಳುತ್ತಿದ್ದಳು.

ಮೊದಲು ಹಗ್ಗದವನದು. ಹೆಸರು ಹೇಳಿದ ಮೇಲೆ ಗುರುತುಗಾರನೇ ಬಾಗಿಲಿನ ತನಕ ನಡೆದ. ಬಾಗಿಲು ಕಾಯುವವನು ಅಗಳಿ ತೆಗೆದ. ಹೊರಗೆ ಹುಲ್ಲು ಬೆಳೆದ ದಾರಿ ಕಂಡಿತು.

"ಯಾರೂ ಹೋಗ್ತಿಲ್ಲವಲ್ಲ. ಮುಚ್ಚಲಾ?"

"ತೆರೆದಿರಲಿ."

"ಎಷ್ಟು ಹೊತ್ತು?"

"ಒಬ್ಬ ಮನುಷ್ಯ ನಡೆದು ಕಣ್ಮರೆಯಾಗುವಷ್ಟು ಹೊತ್ತು. ಅವನು ನಿಧಾನವಾಗಿ ನಡೆಯುತ್ತಿದ್ದ."

ಬಾಗಿಲು ಕಾಯುವವನು ಅಗಳಿಯನ್ನು ಗೋಡೆಗೆ ಒರಗಿಸಿ ದಾರಿ ಬಿಟ್ಟು ನಿಂತ. ಬಾಗಿಲು ಬಹಳ ಹೊತ್ತು ತೆರೆದಿತ್ತು.

ಹದಿನೇಳು ದಿನ ಹೀಗೆ ಹೋಯಿತು. ಆಮೇಲೆ ಬದುಕಿದ್ದ ಇಪ್ಪತ್ತಾರು ಜನ ಸಾಲು ನಿಂತರು. ಅವರ ಹಿಂದೆ ಗುರುತುಗಾರ. ಆ ದಿನಗಳಲ್ಲಿ ಉಪ್ಪಿಗೆ ಬಂದ ಹೊಸಬರು ಅವನ ಹಿಂದೆ ನಿಂತರು. ಅವರನ್ನು ಮುಂದೆ ಬಿಡಲು ಅವನು ಹೋಗಲಿಲ್ಲ. ಅವನಿಗೆ ಬೇಕಾದದ್ದು ನ್ಯಾಯ, ಹೊಗಳಿಕೆಯಲ್ಲ. ಸಾಲಿನ ಮುಂದಿದ್ದವರು ತಮ್ಮ ಜಾಗ ಕೊಡಲು ಬಂದರೆ ಗದರಿಸಿ ಕಳಿಸುತ್ತಿದ್ದ. ಮೂವರ ಚೂರಿ ನೋಡಿ, ಕೈ ನೋಡಿ, ಸಾಣೆಯವಳು ಗೊತ್ತಾಗಲಿಲ್ಲ ಎಂದಳು. ಮೂವರೂ ಸಲಿಕೆ ಹೆಗಲಿಗೇರಿಸಿ ಉಪ್ಪಿನ ಬಯಲಿಗೆ ಹಿಂದಿರುಗಿದರು. ಅವನು ಅವರ ಬೆನ್ನು ನೋಡುತ್ತ ನಿಂತಿದ್ದ.

ಅವಳು ದಿನವೂ ಅವನಿಗೆ ಕುಡಿಯಲು ನೀರು ತಂದುಕೊಡುತ್ತಿದ್ದಳು. ಹೆಸರು ಅವಳ ಬಾಯಲ್ಲಿತ್ತು. ಅವನು ಚೊಂಬನ್ನು ತೆಗೆದುಕೊಳ್ಳುವಾಗ ಅವಳ ಮುಖ ನೋಡುತ್ತಿರಲಿಲ್ಲ. ಹೊತ್ತಿಳಿಯುವಾಗ ಊರಿನ ಸುತ್ತ ನಡೆದು ಹನ್ನೆರಡು ಬಾಗಿಲುಗಳಲ್ಲಿ ಒಂದೊಂದರ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಹಲಗೆಗಳ ಸಂದಿಯಿಂದ ಬರುವ ಗಾಳಿಯನ್ನು ಮೂಸುತ್ತಿದ್ದ. ಹನ್ನೊಂದು ಬಾಗಿಲುಗಳ ಮುಂದೆ ನಿಂತದ್ದು ವ್ಯರ್ಥ. ಯಾವ ಹನ್ನೊಂದು ಎಂದು ಮಾತ್ರ ಗೊತ್ತಿರಲಿಲ್ಲ. ಆದ್ದರಿಂದ ಹನ್ನೆರಡರ ಮುಂದೆಯೂ ಒಂದೇ ಆಸೆಯಿಂದ ನಿಲ್ಲಬೇಕಾಗಿತ್ತು.

ನಲವತ್ತಮೂರನೆಯ ಬೆಳಿಗ್ಗೆ ಅವನ ಮುಂದೆ ಒಬ್ಬನೇ ಉಳಿದಿದ್ದ, ಉಪ್ಪಿನ ಮೂಟೆ ಹೊರುವವನು. ಅವನಿಗೆ ತನ್ನ ಸರದಿ ಬಂತೆಂದು ಕಾಲು ನಿಲ್ಲುತ್ತಿರಲಿಲ್ಲ, ಬಾಯಿಯೂ ನಿಲ್ಲುತ್ತಿರಲಿಲ್ಲ.

"ಅಜ್ಜಾ, ನಾಳೆ ನಿಮ್ಮದು. ಅಲ್ಲಿ ನಿಮ್ಮೋರು ಯಾರಾದ್ರೂ ಇರ್ತಾರಾ ಇನ್ನೂ?"

"ಇರಲಿಕ್ಕಿಲ್ಲ. ಇದ್ದರೂ ನನ್ನ ಗುರುತು ಸಿಗಲಿಕ್ಕಿಲ್ಲ."

"ಅಲ್ಲಿನ ಮಾತು ಬರುತ್ತಾ?"

"ಒಂದೂ ಬರೋದಿಲ್ಲ."

"ಮತ್ತೆ ಹೋಗಿ ಏನ್ ಮಾಡ್ತೀರಿ? ಇಲ್ಲಾದ್ರೆ ನಿಮಗೆ ಹೆದರೋರು ನಾಲ್ಕು ಜನ ಇದ್ದೀವಿ."

ಗುರುತುಗಾರ ಯೋಚಿಸಿದ. ಅಳೆಯದೆ ಯಾವ ಮಾತನ್ನೂ ಆಡದವನು.

"ಯಾವುದಾದರೊಂದು ಮನೆಯ ಕದ ತಟ್ಟುತ್ತೇನೆ. ಯಾರೋ ಬಂದು ತೆಗೆಯುತ್ತಾರೆ. ಯಾರು ಬೇಕಾಗಿತ್ತು ಅಂತ ಕೇಳ್ತಾರೆ."

"ಅದಕ್ಕೆ ಏನು ಹೇಳ್ತೀರಿ?"

"ಹೇಳೋಕೆ ಏನಿದೆ? ಅವರು ಕೇಳಿದ್ದು ಅದೇ ಅಂತ ನನಗೆ ಅರ್ಥವಾದರೆ ಸಾಕು."

ಅಷ್ಟರಲ್ಲಿ ಸಾಣೆಯವಳು ಮೂಟೆ ಹೊರುವವನನ್ನು ಕರೆದಳು. ಅವನ ಚೂರಿ ನೋಡಿದಳು, ಕೈ ನೋಡಿದಳು, ಹೆಸರು ಹೇಳಿದಳು. ಅವನು ಯಾರಿಗೂ ಹೇಳದೆ, ಹಿಂದಿರುಗಿ ನೋಡದೆ, ತನ್ನ ಬಾಗಿಲಿನ ಕಡೆ ಓಡಿದ. ಅವನ ಕಾಲಿನ ಸದ್ದು ಬಹಳ ದೂರದವರೆಗೆ ಕೇಳಿಸಿತು.

ಗುರುತುಗಾರ ಒಂದು ಹೆಜ್ಜೆ ಮುಂದೆ ಬಂದು ನಿಂತ. ಈಗ ಅವನ ಮುಂದೆ ಯಾರೂ ಇರಲಿಲ್ಲ. ಸೂರ್ಯ ಆಳೆತ್ತರಕ್ಕೆ ಏರುವುದರಲ್ಲಿತ್ತು. ಇನ್ನೂ ಒಂದು ಗೇಣು ಬೆಳಕು ಉಳಿದಿತ್ತು. ಸಾಣೆಯವಳು ಹಲಗೆ ಒರೆಸಿ, ಕೈ ಒರೆಸಿಕೊಂಡು, ಅವನ ಕಡೆ ನೋಡಿದಳು.

"ದಿನಕ್ಕೆ ಒಂದು," ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ. "ನಾಳೆ."